ತಿರುಪಿನ ತಲೆ

ನಮ್ಮ ಮನೆಯ ರಿವಾಲ್ವರ್ ಈವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಿಕೊಂಡಿಲ್ಲ. ನಾನಾದರೂ ಎರಡು ಸಲ ಮತ ಹಾಕದೆ ಬೆಂಗಳೂರಲ್ಲೇ ಉಳಿದದ್ದುಂಟು. ಅದು ಮಾತ್ರ ನೀತಿ ಸಂಹಿತೆ ಜಾರಿಯಾದ ಕೂಡಲೇ ಬಟ್ಟೆ ಸುತ್ತಿಕೊಂಡು ಠಾಣೆಗೆ ಹೋಗುತ್ತದೆ. ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತದೆ. 2018, 2019, 2023, 2024. ಪರವಾನಗಿ ಕೋವಿ ಇಟ್ಟುಕೊಂಡ ಮಲೆನಾಡಿನವರಿಗೆ ಇದು ಹೊಸ ಕಥೆಯಲ್ಲ. ತೋಟಕ್ಕೆ ಹಂದಿ ನುಗ್ಗುವ ಹೊತ್ತಿಗೇ ಕೋವಿ ಠಾಣೆಯಲ್ಲಿರುತ್ತದೆ ಅಂತ ನಮ್ಮೂರಲ್ಲಿ ಬೈದುಕೊಳ್ಳದವರಿಲ್ಲ.

2023ರ ಮೇ ತಿಂಗಳ ಚುನಾವಣೆ ಮುಗಿಸಿ ಬಂದಾಗ ಅದಕ್ಕೆ ಏನೋ ಆಗಿತ್ತು. ಠಾಣೆಯವರ ತಪ್ಪು ಅಂತ ಹೇಳಲಾರೆ. ಪೆಟ್ಟಿಗೆಯೊಳಗೆ ಯಾವುದೋ ಜೋಡಿನಳಿಗೆ ಕೋವಿ ಅದರ ಮೇಲೆ ಬಿದ್ದಿತ್ತೋ, ಮೊದಲೇ ಇದ್ದ ಕಾಯಿಲೆ ಆಗ ಕಣ್ಣಿಗೆ ಬಿತ್ತೋ. ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ, ಗೋಡೆ ಕಡೆ ತಿರುಗಿಸಿ ಟ್ರಿಗರ್ ನಿಧಾನಕ್ಕೆ ಎಳೆದೆ. ತೋಟಾಗಳು ಕೂರುವ ಉರುಳೆ ತಿರುಗಿ ಆರು ಸಲವೂ 'ಟಕ್' ಅಂತ ಕೂರಬೇಕು. ಐದು ಸಲ ಕೂತಿತು. ಆರನೆಯದರಲ್ಲಿ 'ಟ' ಅಂತ ಬಂತು, 'ಕ್' ಬರಲಿಲ್ಲ.

ಆ ಒಂದು 'ಕ್' ಹುಡುಕಿಕೊಂಡು ನಾಲ್ಕು ತಿಂಗಳು ಅಲೆದೆ.

ಮೊದಲು ಇದು ಯಾವ ರಿವಾಲ್ವರ್ ಅಂತ ಹೇಳಿಬಿಡುತ್ತೇನೆ. ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು, ಬರ್ಮಿಂಗ್‌ಹ್ಯಾಮಿನದು. ಪಾಯಿಂಟ್ 32 ತೋಟಾದ್ದು, ಜೇಬಿನಲ್ಲಿ ಇಟ್ಟುಕೊಳ್ಳುವ ಅಳತೆ, ಮೂರು ಇಂಚಿನ ನಳಿಗೆ. ವೆಬ್ಲಿ ಮತ್ತು ಸ್ಕಾಟ್ ಒಂದಾಗಿದ್ದು 1897ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನದಂತೂ ಅಲ್ಲ. ಎಡಗಡೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಚಿಲಕ ಇದೆ. ಅದನ್ನು ಒತ್ತಿ ನಳಿಗೆ ಬಗ್ಗಿಸಿದರೆ ಇಡೀ ರಿವಾಲ್ವರ್ ನಡು ಮುರಿದ ಹಾಗೆ ಬಾಗುತ್ತದೆ. ಉರುಳೆಯ ಮಧ್ಯದಿಂದ ನಕ್ಷತ್ರದಂಥ ಒಂದು ತುಂಡು ಮೇಲೆದ್ದು ಆರೂ ತೋಟಾಗಳನ್ನು ಒಟ್ಟಿಗೆ ಎತ್ತಿ ಹೊರಗೆ ಹಾಕುತ್ತದೆ. ಚಿಕ್ಕವನಿದ್ದಾಗ ಅಜ್ಜ ಖಾಲಿ ರಿವಾಲ್ವರನ್ನು ಹೀಗೆ ಬಗ್ಗಿಸಿ ತೋರಿಸುತ್ತಿದ್ದರು. ಹೂವು ಅರಳಿದ ಹಾಗೆ ಕಾಣುತ್ತಿತ್ತು.

ತೋಟ ಮಾರಿ ಸೀಮೆಗೆ ಹೊರಟ ಒಬ್ಬ ದೊರೆಯಿಂದ ಅಜ್ಜ ಅದನ್ನು ಕೊಂಡಿದ್ದರು. ಅವರಿಂದ ಅಪ್ಪನಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಪರವಾನಗಿ ಆಗುವವರೆಗೂ ಒಂದೂವರೆ ವರ್ಷ ಅದು ಡೀಲರ್ ಒಬ್ಬರ ಸುಪರ್ದಿಯಲ್ಲಿತ್ತು. ತರಬೇತಿಗೆ ಹೋಗಿ ಎಸ್-1 ಪ್ರಮಾಣಪತ್ರ ತಂದೆ, ಕಚೇರಿ ಸುತ್ತಿದೆ, ಫೈಲು ಎಲ್ಲಿದೆ ಅಂತ ಕೇಳಿ ಕೇಳಿ ಸುಸ್ತಾದೆ. ಅದನ್ನೆಲ್ಲ ಬರೆಯಲು ಕೂತರೆ ರಿವಾಲ್ವರ್ ಕಥೆ ಮರೆತೇ ಹೋಗುತ್ತದೆ. ಬಿಡಿ.

ಈಗ ನನ್ನ ಆಸೆಗಳನ್ನು ಒಪ್ಪಿಕೊಳ್ಳಬೇಕು. ಕೆಟ್ಟದ್ದನ್ನು ಸರಿ ಮಾಡಿಸುವುದು ನೆಪ. ಹೇಗೂ ಬಿಚ್ಚುತ್ತಾರಲ್ಲ, ಜೊತೆಗೆ ಸ್ವಲ್ಪ ಚೆಂದ ಮಾಡಿಸೋಣ ಅಂತ ಇತ್ತು. ಮೈಮೇಲಿನ ನೀಲಿ ಬಣ್ಣ ಮಾಸಿ ಅಲ್ಲಲ್ಲಿ ಕಂದು ಮಚ್ಚೆ ಆಗಿತ್ತು. ನಿಕಲ್ ಮಾಡಿಸಿ ಪಳಪಳ ಹೊಳೆಯಿಸೋಣ. ನಳಿಗೆಯನ್ನು ಎರಡು ಇಂಚಿಗೆ ಇಳಿಸಿದರೆ ಸಿನಿಮಾದಲ್ಲಿ ಪತ್ತೇದಾರರು ಕೋಟಿನಿಂದ ತೆಗೆಯುತ್ತಾರಲ್ಲ, ಹಾಗೆ ಕಾಣುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಹಿಡಿ. ಬಲಗಡೆ ಕಂಪನಿಯದೇ ಕಪ್ಪು ವಲ್ಕನೈಟ್, ಅಂದರೆ ಗಟ್ಟಿ ರಬ್ಬರ್, ಸಣ್ಣ ಸಣ್ಣ ಚೌಕಳಿ ಗೆರೆ. ಎಡಗಡೆ ಯಾರೋ ಊರಿನ ಆಚಾರಿ ಬೀಟೆ ಮರದಲ್ಲಿ ಕೆತ್ತಿ ಕೂರಿಸಿದ ದಪ್ಪ ತುಂಡು. ಬೇರೆ ಬೇರೆ ಜೊತೆಯ ಚಪ್ಪಲಿ ಹಾಕಿಕೊಂಡ ಹಾಗೆ. ಯಾರಿಗಾದರೂ ತೋರಿಸುವಾಗ ನಾನು ಯಾವಾಗಲೂ ಬಲಗಡೆಯನ್ನೇ ಮೇಲೆ ಮಾಡಿ ಇಡುತ್ತಿದ್ದೆ.

ಮೊದಲು ಸಿಕ್ಕಿದ ರಿಪೇರಿಯವರು ದೊಡ್ಡ ಊರಿನವರು. ಊರು ಯಾವುದು, ಅಂಗಡಿ ಯಾವುದು ಅನ್ನುವುದು ಬೇಡ. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಏರ್‌ಗನ್ನುಗಳು. ನಾನು ಹೇಳಿದ್ದಕ್ಕೆಲ್ಲ 'ಆಗುತ್ತೆ ಸಾರ್'. ನಿಕಲ್? ಆಗುತ್ತೆ. ಬೇಡ, ಕ್ರೋಮ್? ಅದೂ ಆಗುತ್ತೆ. ನಳಿಗೆ ಗಿಡ್ಡ? ಆಗುತ್ತೆ, ಸ್ವಲ್ಪ ಜಾಸ್ತಿ ಖರ್ಚು. ಎಂಟು ದಿನ ಬಿಟ್ಟು ಬನ್ನಿ. ಆರನೇ 'ಟಕ್' ಬಗ್ಗೆ ಹೇಳಿದಾಗ, ಕಾನ್ಪುರದ ಸರ್ಕಾರಿ ರಿವಾಲ್ವರಿನ ಸಾಮಾನು ಹಾಕಿಬಿಡೋಣ, ಎಲ್ಲ ಒಂದೇ ಡಿಸೈನು ಅಂದರು. ರಿವಾಲ್ವರನ್ನು ಒಂದು ಸಲವೂ ಬಗ್ಗಿಸಿ ನೋಡಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ. ನನ್ನ ತಲೆ ತುಂಬ ನಿಕಲ್ಲೇ ಇತ್ತು.

ಪರವಾನಗಿ ಪುಸ್ತಕ ಮನೆಯಲ್ಲಿ ಬಿಟ್ಟು ಹೋಗುವಷ್ಟು ಬೇಜವಾಬ್ದಾರಿ ನಾನಲ್ಲ. ಪುಸ್ತಕ ಕೈಯಲ್ಲೇ ಇತ್ತು. ಆದರೆ ಅವರು ಕೇಳಲೇ ಇಲ್ಲ. ಅದೊಂದು ಮಾತ್ರ ಕಿರಿಕಿರಿ ಅನ್ನಿಸಿ, 'ನಾಳೆ ಬರ್ತೀನಿ' ಅಂತ ಹೊರಗೆ ಬಂದೆ. ರಾತ್ರಿ ವಕೀಲಿಕೆ ಮಾಡುವ ಭಾವನಿಗೆ ಫೋನ್ ಮಾಡಿದೆ. ಅವನು ಮೊದಲು ನಕ್ಕ. ಆಮೇಲೆ ಗದರಿದ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೇ ಕಲಮಿನ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಆರನೇ ಕಲಮು: ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ಯಾರೂ ನಳಿಗೆ ಗಿಡ್ಡ ಮಾಡುವ ಹಾಗಿಲ್ಲ. ಎಂಟನೇ ಕಲಮು: ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸುವ ಹಾಗಿಲ್ಲ. 'ಬಫ್ ಚಕ್ರಕ್ಕೆ ಹಿಡಿದು ಉಜ್ಜಿ ನಿಕಲ್ ಬಳಿದರೆ ನಂಬರು ಉಳಿಯುತ್ತೇನೋ? ಉಳಿಯದಿದ್ದರೆ ನಾಳೆ ಅದು ನಿನ್ನ ರಿವಾಲ್ವರ್ ಅಂತ ಸಾಬೀತು ಮಾಡೋದು ಹೇಗೋ?' ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಮಾರನೇ ದಿನ ಆ ಅಂಗಡಿಗೆ ಹೋಗಲಿಲ್ಲ.

ಆಮೇಲಿಂದ ಅವರಿವರನ್ನು ಕೇಳತೊಡಗಿದೆ. ಕೋವಿ ಮಾರುವವರು ಬೇಕಾದಷ್ಟು ಮಂದಿ. ಕೋವಿ ಬಲ್ಲವರು ಕಡಿಮೆ. ಒಂದು ಕಾಲಕ್ಕೆ ನಮ್ಮ ನಾಡಲ್ಲಿ ಈ ಕಸುಬು ಇರಲಿಲ್ಲ ಅಂತಲ್ಲ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಕೋವಿ ತಯಾರಾಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ನಗರದ ಹತ್ತಿರ 2018ರಲ್ಲಿ ಒಂದು ಹಾಳು ಬಾವಿಯಿಂದ ಆ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಜಾಸ್ತಿ ಸಿಕ್ಕವು. 1878ರ ಶಸ್ತ್ರ ಕಾನೂನು ಬಂದ ಮೇಲೆ ಕೋವಿಗೆ ಸಂಬಂಧಪಟ್ಟದ್ದಕ್ಕೆಲ್ಲ ಲೈಸೆನ್ಸ್ ಅಂತ ಆಯ್ತು. ಊರ ಕುಲುಮೆಯಲ್ಲಿ ಕದ್ದು ನಾಡಕೋವಿ ಮಾಡುವವರು ಉಳಿದರು. ಅವರ ಕೈಗೆ ಬರ್ಮಿಂಗ್‌ಹ್ಯಾಮಿನ ರಿವಾಲ್ವರ್ ಕೊಡುವುದು ಕಾನೂನಿಗೂ ಸರಿಯಲ್ಲ, ರಿವಾಲ್ವರಿಗೂ ಒಳ್ಳೆಯದಲ್ಲ.

ಸೇನೆಯಿಂದ ನಿವೃತ್ತರಾದ ಒಬ್ಬ ಪರಿಚಯದವರು ಕೊನೆಗೆ ದಾರಿ ತೋರಿಸಿದರು. 'ಕೊಡಗಿಗೆ ಹೋಗು. ಅಂಗಡಿ ಅಂಗಡಿ ತಿರುಗಬೇಡ. ಕೈಲ್ ಮುಹೂರ್ತಕ್ಕೆ, ಅವರ ಆಯುಧದ ಹಬ್ಬಕ್ಕೆ ಹೋಗು. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತಲ್ಲ, ಅಲ್ಲಿ ಗುರಿ ತಪ್ಪಿದವನು ಕೋವಿ ತಗೊಂಡು ಯಾರ ಹತ್ತಿರ ಹೋಗ್ತಾನೆ ನೋಡು.'

ನೋಡಿ, ಇದು ಅಂಗಡಿಯ ಜಾಹೀರಾತು ಯಾವುದೂ ಹೇಳದ ಮಾತು. ಕೊಡಗಿನ ಕೋವಿ ಸಂಬಂಧ ಎಲ್ಲರಿಗೂ ಗೊತ್ತಿರುವುದೇ. 1857ರ ದಂಗೆ ಆದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಕಾನೂನು ತಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿಗೆ ಅದರಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಿದ್ದರು. 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿ ಹಿಡಿಯಿತು. ಕೋವಿ ಇಷ್ಟು ಇರುವ ಕಡೆ ಕೋವಿಗೆ ವೈದ್ಯರೂ ಇರಲೇಬೇಕು ಅಲ್ವಾ?

ಸೆಪ್ಟೆಂಬರ್ 3ಕ್ಕೆ ವಿರಾಜಪೇಟೆ ಕಡೆಯ ಒಂದು ಊರಿಗೆ ಹೋದೆ. ಗೆಳೆಯನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಬೆಳಿಗ್ಗೆ ಕೋವಿಗಳನ್ನೆಲ್ಲ ತೊಳೆದು ಒರೆಸಿ ಇಟ್ಟು ಪೂಜೆ ಮಾಡಿದರು. ನಳಿಗೆಗೆ ತೋಕ್ ಪೂ ಸಿಕ್ಕಿಸಿದ್ದರು. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಬೆಂಕಿಯ ನಾಲಗೆ ಹಾಗೆ ಕೆಂಪು ಹಳದಿ ಎಸಳಿನ ಆ ಹೂವನ್ನು ನಮ್ಮ ಕಡೆ ಗೌರಿ ಹೂ ಅಂತಲೂ ಅನ್ನುತ್ತಾರೆ. ಮಧ್ಯಾಹ್ನ ಕಡಂಬುಟ್ಟು, ಹಂದಿ ಕರಿ. ಇದರ ಬಗ್ಗೆ ಜಾಸ್ತಿ ಬರೆದರೆ ಇದು ಊಟದ ಬ್ಲಾಗ್ ಆಗಿಬಿಡುತ್ತದೆ. ಎರಡು ಸಲ ಹಾಕಿಸಿಕೊಂಡೆ ಅಂತ ಮಾತ್ರ ಹೇಳುತ್ತೇನೆ.

ಮೈದಾನದಲ್ಲಿ ದೂರದ ಮರಕ್ಕೆ ಕಾಯಿ ಕಟ್ಟಿದ್ದರು. ಗುಂಡಿನ ಸದ್ದು, ನಗು, ಸ್ವಲ್ಪ ಜಗಳ. ನಾನು ಕಾಯಿ ನೋಡಲಿಲ್ಲ. ಗುರಿ ತಪ್ಪಿದವರನ್ನು ನೋಡುತ್ತಾ ಕೂತೆ. ಹೆಚ್ಚಿನವರು ಗಾಳಿಯನ್ನು ಬೈದರು, ತೋಟಾ ಹಳೆಯದು ಅಂದರು. ಮೂರು ಜನ ಮಾತ್ರ, ಒಬ್ಬರಾದ ಮೇಲೆ ಒಬ್ಬರು, ಶಾಮಿಯಾನದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ ಒಬ್ಬ ವಯಸ್ಸಾದವರ ಹತ್ತಿರ ಹೋದರು. ಅವರು ಕೋವಿಯನ್ನು ನಡುವಲ್ಲಿ ಬಗ್ಗಿಸಿ ಆಕಾಶದ ಕಡೆ ಹಿಡಿದು ನಳಿಗೆಯೊಳಗೆ ಇಣುಕುತ್ತಿದ್ದರು. ಏನೋ ಹೇಳುತ್ತಿದ್ದರು. ಕೋವಿ ವಾಪಸ್ ಕೊಡುತ್ತಿದ್ದರು. ಅಷ್ಟೇ.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಮನೆ ಹಿಂದೆ ಹೆಂಚಿನ ಒಂದು ಕೋಣೆ. ಕಿಟಕಿಗೆ ಎದುರಾಗಿ ಮೇಜು, ಅದರ ಮೇಲೆ ವೈಸ್, ಗೋಡೆಗೆ ಸಾಲಾಗಿ ಅರಗಳು. ಸೀಮೆಎಣ್ಣೆ ವಾಸನೆ. ಗೋಡೆ ಮೇಲೆ ಚೌಕಟ್ಟು ಹಾಕಿದ ಲೈಸೆನ್ಸ್. ನಾನು ಚೀಲದಿಂದ ರಿವಾಲ್ವರ್ ತೆಗೆಯಲು ಕೈ ಹಾಕಿದೆ.

'ಅದು ಆಮೇಲೆ. ಪುಸ್ತಕ ಕೊಡಿ.'

ಪರವಾನಗಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಎಲ್ಲಿಯವರೆಗೆ ಕೊಂಡೊಯ್ಯಬಹುದು ಅನ್ನುವ ಜಾಗದಲ್ಲಿ ಕರ್ನಾಟಕ ಅಂತ ಇದೆಯಾ ಅಂತ ಬೆರಳಿಟ್ಟು ನೋಡಿದರು. ದಪ್ಪ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ನಂಬರು ಬರೆದುಕೊಂಡರು. ರಿವಾಲ್ವರಿನ ಮೇಲಿನ ನಂಬರಿಗೂ ಪುಸ್ತಕದ ನಂಬರಿಗೂ ತಾಳೆ ನೋಡಿದರು. ಆಮೇಲೆ ಬಗ್ಗಿಸಿ, ಖಾಲಿ ಅಂತ ಖಚಿತ ಮಾಡಿಕೊಂಡು, ಮೂಗಿನ ಹತ್ತಿರ ಹಿಡಿದು ಮೂಸಿದರು.

'ಕೊಬ್ಬರಿ ಎಣ್ಣೆ ಹಾಕಿದ್ದು ಯಾರು?'

ಅಜ್ಜ ಹಾಕುತ್ತಿದ್ದರು. ಅಪ್ಪನೂ ಹಾಕುತ್ತಿದ್ದರು. ನಾನೂ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ, ತಲೆಗೂ, ಹೊಲಿಗೆ ಯಂತ್ರಕ್ಕೂ, ರಿವಾಲ್ವರಿಗೂ. ಚಳಿಗೆ ಅದು ಗಟ್ಟಿಯಾಗುತ್ತೆ, ವರ್ಷಗಟ್ಟಲೆ ಕೂತರೆ ಒಳಗೆ ಅಂಟಾಗುತ್ತೆ ಅಂದರು. ಚರ್ಮದ ಚೀಲದಲ್ಲೇ ಇಟ್ಟಿದ್ದೀರಿ ಅಂತಲೂ ಹೇಳಿದರು. ನಾನು ಆ ಚರ್ಮದ ಚೀಲ ತಂದೇ ಇರಲಿಲ್ಲ. ಮೈಮೇಲಿನ ಕಂದು ಮಚ್ಚೆಗಳು ಚೀಲದ ಹೊಲಿಗೆ ಇರುವ ಕಡೆಯೇ ಸಾಲಾಗಿ ಬಂದಿವೆ, ಚರ್ಮ ತೇವ ಹಿಡಿದುಕೊಳ್ಳುತ್ತೆ ಅಂತ ತೋರಿಸಿದರು. ನಿಜ, ಸಾಲಾಗಿಯೇ ಇದ್ದವು. ಇಷ್ಟು ವರ್ಷ ನೋಡಿದ್ದೇನೆ, ಸಾಲು ಕಂಡಿರಲಿಲ್ಲ.

ಆಮೇಲೆ ಚಿನ್ನದ ಕೆಲಸದವರು ಕಣ್ಣಿಗೆ ಸಿಕ್ಕಿಸುವ ಗಾಜು ಹಾಕಿಕೊಂಡು ತಿರುಪುಗಳನ್ನು ನೋಡಿದರು. ಬರೀ ತಿರುಪು. ಹತ್ತು ನಿಮಿಷ.

'ಇದನ್ನು ಮೂರು ಜನ ಬಿಚ್ಚಿದ್ದಾರೆ. ಇಬ್ಬರಿಗೆ ಕೆಲಸ ಗೊತ್ತಿಲ್ಲ.'

ತಿರುಪಿನ ತಲೆಯ ಸೀಳು ಒಳಗೆ ನೇರ ಗೋಡೆ ಹಾಗೆ ಇರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರಿನ ತುದಿ ಬೆಣೆ ಹಾಗೆ ಇಳಿಜಾರು. ಬೆಣೆ ತೂರಿಸಿ ತಿರುಗಿಸಿದರೆ ಅದು ಮೇಲಕ್ಕೆ ಜಾರಿ ಸೀಳಿನ ಅಂಚು ಎಬ್ಬಿಸುತ್ತದೆ. ಕೋವಿ ಕೆಲಸದವರು ತುದಿಯನ್ನು ಸೀಳಿನ ಅಗಲಕ್ಕೆ ಸರಿಯಾಗಿ, ಎರಡೂ ಮುಖ ಸಮವಾಗಿ ಉಜ್ಜಿ ಇಟ್ಟುಕೊಂಡಿರುತ್ತಾರೆ. ಅವರ ಡಬ್ಬದಲ್ಲಿ ಅಂಥವು ಮೂವತ್ತಕ್ಕೂ ಹೆಚ್ಚಿದ್ದವು. ನನ್ನ ರಿವಾಲ್ವರಿನ ಎರಡು ತಿರುಪುಗಳ ತಲೆ ನಾಯಿ ಕಚ್ಚಿದ ಹಾಗಿತ್ತು. ಅದರಲ್ಲಿ ಒಂದು ನನ್ನದೇ ಕೆಲಸ, ಪಿ.ಯು.ಸಿ. ರಜೆಯಲ್ಲಿ ಅಪ್ಪ ಇಲ್ಲದ ಹೊತ್ತಿನಲ್ಲಿ. ಹೇಳಲಿಲ್ಲ. ಅವರು ನನ್ನ ಮುಖ ನೋಡಿದರು. ಗೊತ್ತಾಗಿರಬೇಕು.

ಎಡಗಡೆ ಹಿಡಿಯ ತಿರುಪು ಮಾತ್ರ ಬೇರೆ. 'ಇದು ಕಂಪನಿದಲ್ಲ. ಆದರೆ ಮಾಡಿದವನಿಗೆ ಕೈ ಇದೆ' ಅಂದರು. ಬೀಟೆ ತುಂಡು ದಪ್ಪ ಆದ್ದರಿಂದ ಉದ್ದದ ತಿರುಪು ಬೇಕಾಗಿತ್ತು, ಯಾರೋ ಕೈಯಲ್ಲೇ ಎಳೆ ಕೊರೆದು ಮಾಡಿದ್ದಾರಂತೆ.

ನಂತರ ನಳಿಗೆ, ಉರುಳೆಯ ಮೇಲಿನ ಗುರುತುಗಳು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಒಂದು ಪರೀಕ್ಷಾ ಮನೆ ಇದೆ. ಕೋವಿಗೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು, ತಡೆದುಕೊಂಡರೆ ಕಿರೀಟದ ಮುದ್ರೆ ಒತ್ತುತ್ತಾರೆ. ನನ್ನ ರಿವಾಲ್ವರಿನ ಕಿರೀಟದ ಕೆಳಗೆ ಎನ್.ಪಿ. ಅಂತ ಇತ್ತು. ಹೊಗೆಯಿಲ್ಲದ ಹೊಸ ಮದ್ದಿಗೂ ಪರೀಕ್ಷೆ ಆಗಿದೆ ಅಂತ ಅರ್ಥ. ಆ ಮುದ್ರೆ ಬಂದದ್ದು 1904ರ ನಿಯಮಗಳ ಜೊತೆ. ಹಾಗಾಗಿ ರಿವಾಲ್ವರಿನ ವಯಸ್ಸಿನ ಲೆಕ್ಕ ಇನ್ನೂ ಸ್ವಲ್ಪ ಈಚೆಗೆ ಬಂತು. 'ಇದು ಇಲ್ಲದಿದ್ದರೆ ಗೋಡೆಗೆ ನೇತು ಹಾಕಿ ಅಂತ ಹೇಳಿ ಕಳಿಸ್ತಿದ್ದೆ' ಅಂದರು.

ಅಲ್ಲಿಯವರೆಗೂ ನನ್ನ ಆಸೆಗಳನ್ನು ಬಾಯಿ ಬಿಟ್ಟಿರಲಿಲ್ಲ. ಈಗ ಒಂದೊಂದಾಗಿ ಹೇಳಿದೆ. ನಳಿಗೆ ಗಿಡ್ಡ ಮಾಡುವ ವಿಷಯ ನುಂಗಿಕೊಂಡೆ. ನಿಕಲ್ ಬಗ್ಗೆ ಕೇಳಿದೆ.

'ಈ ಅಂಚು ನೋಡಿ' ಅಂತ ನಳಿಗೆಯ ಮೇಲೆ ನನ್ನ ಉಗುರು ಎಳೆಸಿದರು. ಉಗುರು ಚಕ್ಕಂತ ತಡೆಯಿತು. ನೂರು ವರ್ಷ ಆದರೂ ಹರಿತ ಇತ್ತು. 'ಚಕ್ರಕ್ಕೆ ಹಿಡಿದರೆ ಇದು ಸೋಪಿನ ಹಾಗೆ ಆಗುತ್ತೆ. ಅಕ್ಷರ ಹೋಗುತ್ತೆ. ಹೊಳೆಯೋ ರಿವಾಲ್ವರ್ ಬೇಕಿದ್ದರೆ ಹೊಸದು ತಗೊಳ್ಳಿ. ಇದೇ ವೆಬ್ಲಿಯವರು ಈಗ ಉತ್ತರ ಪ್ರದೇಶದಲ್ಲೇ ಮಾಡ್ತಾರಂತಲ್ಲ.' ನಿಜವೇ. ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ 2020ರಿಂದ ವೆಬ್ಲಿ ಹೆಸರಿನ ಪಾಯಿಂಟ್ 32 ರಿವಾಲ್ವರ್ ತಯಾರಾಗುತ್ತಿದೆ.

ಕಾನ್ಪುರದ ಸಾಮಾನು ಹಾಕುವ ಮಾತಿಗೆ ತಲೆ ಅಲ್ಲಾಡಿಸಿದರು. ನೋಡಲು ಒಂದೇ ಥರ ಇರುತ್ತೆ, ಕೂರಲ್ಲ. ಈ ಕಾಲದ ಒಂದೊಂದು ತುಂಡನ್ನೂ ಅರ ಹಿಡಿದು ಪಕ್ಕದ ತುಂಡಿಗೆ ಹೊಂದಿಸಿರುತ್ತಾರೆ. ಒಂದರದ್ದು ಅದೇ ಮಾದರಿಯ ಇನ್ನೊಂದಕ್ಕೂ ಸುಮ್ನೆ ಕೂರುವುದಿಲ್ಲ.

ನಾನು ಬಿಡಲಿಲ್ಲ. ಅಮೆರಿಕದಲ್ಲಿ ವೆಬ್ಲಿಗಳನ್ನು ಎಷ್ಟೊಂದು ಬದಲಾಯಿಸುತ್ತಾರೆ ಅಂದೆ. ಓದಿದ್ದೆ ನಾನು. ಇದರ ದೊಡ್ಡಣ್ಣ ಇದೆಯಲ್ಲ, 1915ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಮಾರ್ಕ್ 6, ಪಾಯಿಂಟ್ 455. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವು ರಾಶಿರಾಶಿ ಅಮೆರಿಕಕ್ಕೆ ಹೋದವು. ಅದರ ತೋಟಾ ಅಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಲ್ಲಿನ ಮಾಮೂಲಿ ಪಾಯಿಂಟ್ 45 ಪಿಸ್ತೂಲಿನ ತೋಟಾ ಹಿಡಿಸಲಿ ಅಂತ ಸಾವಿರಾರು ರಿವಾಲ್ವರುಗಳ ಉರುಳೆಯ ಹಿಂಭಾಗವನ್ನು ಕೆರೆದರು.

'ಆಮೇಲೆ?'

ಆಮೇಲಿನದನ್ನೂ ಓದಿದ್ದೆ, ಹೇಳಬೇಕಾಯಿತು. ಆ ಪಿಸ್ತೂಲು ತೋಟಾದ ಒತ್ತಡ ಹಳೆಯದಕ್ಕಿಂತ ಒಂದೂವರೆ ಪಟ್ಟು. ತೋಟಾ ಹಿಡಿಸುತ್ತೆ, ಹೊಡೆಯುತ್ತೆ, ಆದರೆ ರಿವಾಲ್ವರನ್ನು ಅದಕ್ಕೆ ಮಾಡಿದ್ದಲ್ಲ. ಕೆಲವು ಸೀಳಿಕೊಂಡವು. ಕೆರೆಯದೆ ಉಳಿದ ರಿವಾಲ್ವರುಗಳಿಗೆ ಸಂಗ್ರಹಕಾರರು ಈಗ ಜಾಸ್ತಿ ದುಡ್ಡು ಕೊಡುತ್ತಾರೆ.

ಅವರು ಏನೂ ಅನ್ನಲಿಲ್ಲ. ಚಹಾ ಬಂತು.

ಚಹಾ ಕುಡಿಯುತ್ತಾ ಹಿಡಿಯ ವಿಷಯ ಎತ್ತಿದೆ. ಇದೊಂದನ್ನಾದರೂ ಸರಿ ಮಾಡಿ, ಎರಡೂ ಕಡೆ ಒಂದೇ ಥರ, ಕಂಪನಿ ಹಾಗೆ. ಈ ಬೀಟೆ ತುಂಡು ಕೈಗೆ ಒತ್ತುತ್ತೆ, ಹಿಡಿದರೆ ಏನೋ ವಕ್ರ ಅಂದೆ. ಅವರು ಲೋಟ ಕೆಳಗಿಟ್ಟು ರಿವಾಲ್ವರನ್ನು ಬಲಗೈಯಲ್ಲಿ ಹಿಡಿದರು. ಎಡಗೈಗೆ ಬದಲಾಯಿಸಿದರು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಗುರಿಮೊನೆಗೆ ಗಾಜು ಹಿಡಿದರು. ಚಿಲಕವನ್ನು ನೋಡಿದರು.

'ನಿಮ್ಮ ಅಜ್ಜ ಎಡಚರಾ?'

ಅಲ್ಲ ಅಂದೆ. ಊಟ ಮಾಡುತ್ತಿದ್ದದ್ದು, ಬರೆಯುತ್ತಿದ್ದದ್ದು ಎಲ್ಲ ಬಲಗೈಯಲ್ಲೇ.

'ಕತ್ತಿ ಯಾವ ಕೈಲಿ ಹಿಡೀತಿದ್ರು?'

ಆಗ ನೆನಪಾಯಿತು. ಗದ್ದೆ ಬದುವಿನ ಮೇಲೆ ಅಜ್ಜ ಮುಂದೆ, ನಾನು ಹಿಂದೆ. ದಾರಿಗೆ ಅಡ್ಡ ಬಂದ ಮುಳ್ಳುಕೊಂಬೆಯನ್ನು ಅವರು ಸವರುತ್ತಿದ್ದದ್ದು ಎಡಗೈಯಲ್ಲಿ. ಅವರ ಎಡಗಡೆ ನಡೆಯಬೇಡ ಅಂತ ಅಜ್ಜಿ ಯಾವಾಗಲೂ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಹೊಡೆದು ಬಡಿದು ಊಟಕ್ಕೆ, ಬರವಣಿಗೆಗೆ ಬಲಗೈ ಕಲಿಸಿರಬೇಕು. ಕತ್ತಿಗೆ ಯಾರೂ ಕಲಿಸಲು ಹೋಗಿಲ್ಲ. ರಿವಾಲ್ವರಿಗೂ.

ಅವರು ತೋರಿಸುತ್ತಾ ಹೋದರು. ಬಲಗೈಯವರು ಹಿಡಿದರೆ ಅಂಗೈ ಬಲಗಡೆ ಹಿಡಿಗೆ ತಾಗುತ್ತದೆ. ಎಡಚರಿಗೆ ಎಡಗಡೆ. ಹಾಗಾಗಿ ಎಡಗಡೆಯ ತುಂಡನ್ನು ಬೇಕೆಂದೇ ದಪ್ಪ ಕೆತ್ತಿದ್ದಾರೆ, ಅಂಗೈ ಗುಳಿ ತುಂಬುವ ಹಾಗೆ. ಹೆಬ್ಬೆರಳ ಬುಡಕ್ಕೆ ಒಂದು ಸಣ್ಣ ತಗ್ಗು ಕೂಡ ಇದೆ. ಚಿಲಕ ಬಲಗೈಯ ಹೆಬ್ಬೆರಳಿಗೆ ಅಂತ ಮಾಡಿದ್ದು. ಇದರಲ್ಲಿ ಸವೆದಿರುವುದು ಎಡಗೈಯ ತೋರುಬೆರಳು ತಾಗುವ ಅಂಚು. ಗುರಿಮೊನೆಯ ಎಡಪಕ್ಕಕ್ಕೆ ಯಾರೋ ಅರ ಹಾಕಿದ್ದಾರೆ. ಎಡಚರು ಟ್ರಿಗರ್ ಜಗ್ಗಿದರೆ ಗುಂಡು ಬಲಕ್ಕೆ ಬೀಳುವುದು ಜಾಸ್ತಿ. ಮೊನೆಯ ಎಡಪಕ್ಕ ತೆಳುವಾದರೆ ಮೊನೆ ಬಲಕ್ಕೆ ಸರಿದ ಹಾಗೆ. ಗುಂಡು ಎಡಕ್ಕೆ ಬರುತ್ತದೆ, ಅಂದರೆ ನಡುವಿಗೆ.

'ನಿಮ್ಮ ಅಜ್ಜ ಇದನ್ನು ಆಗಲೇ ಬದಲಾಯಿಸಿ ಆಗಿದೆ' ಅಂದರು. 'ಮರದ ಕೆಲಸದವನು, ಅರದ ಕೆಲಸದವನು ಇಬ್ಬರೂ ಒಬ್ಬನೇ ಇರಬೇಕು. ಮೂರನೆಯವನು ಅಂದೆನಲ್ಲ, ಅವನೇ.'

ಇಷ್ಟು ವರ್ಷ ಕೆಳಗೆ ಮಾಡಿ ಅಡಗಿಸಿಟ್ಟ ಬದಿ ಅದು. ನಾನು ರಿವಾಲ್ವರನ್ನು ಎಡಗೈಯಲ್ಲಿ ಹಿಡಿದು ನೋಡಿದೆ. ಅಂಗೈಗೆ ಕೂತಿತು. ನನ್ನ ಹೆಬ್ಬೆರಳು ಅಜ್ಜನದಕ್ಕಿಂತ ಸ್ವಲ್ಪ ಉದ್ದ ಇರಬೇಕು, ತಗ್ಗನ್ನು ದಾಟಿ ಹೋಯಿತು.

ಆಚಾರಿ ಯಾರು ಅಂತ ಊರಿಗೆ ಬಂದು ಕೇಳಿದೆ. ಹೇಳುವವರು ಯಾರೂ ಉಳಿದಿಲ್ಲ. ನಮ್ಮ ಮನೆಯ ತೊಟ್ಟಿಲು, ಬಾಗಿಲ ಮೇಲಿನ ಬಳ್ಳಿ, ಅಜ್ಜನ ಮಂಚ ಎಲ್ಲ ಒಂದೇ ಕೈಯ ಕೆಲಸ ಅಂತ ದೊಡ್ಡಮ್ಮ ಹೇಳಿದರು. ಬೀಟೆ ತುಂಡಿನ ಮೇಲಿನ ಗೆರೆಯನ್ನು ಮಂಚದ ಕಾಲಿನ ಗೆರೆ ಪಕ್ಕ ಇಟ್ಟು ನೋಡಿದೆ. ಒಂದೇ ಅಂತ ಆಣೆ ಮಾಡಿ ಹೇಳಲಾರೆ. ಒಂದೇ ಅಂತ ನಂಬಿದ್ದೇನೆ.

ಕೆಲಸಕ್ಕೆ ಆರು ವಾರ ಹಿಡಿಯಿತು. ಗಾಜಿನ ಬಾಗಿಲಿನವರು ಎಂಟು ದಿನ ಅಂದಿದ್ದರು. ಆರನೇ 'ಟಕ್' ಬರದೇ ಇದ್ದದ್ದಕ್ಕೆ ಕಾರಣ ಉರುಳೆಯ ಮೈಮೇಲಿನ ಒಂದು ಕಚ್ಚು. ಅದರ ಅಂಚು ಪೆಟ್ಟು ಬಿದ್ದು ಮಡಚಿಕೊಂಡು, ಉರುಳೆಯನ್ನು ತಡೆದು ನಿಲ್ಲಿಸುವ ನಾಲಗೆ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಹೊಡೆದಿದ್ದರೆ ಗುಂಡು ನಳಿಗೆಯ ಬಾಯಿಗೆ ಸರಿಯಾಗಿ ಎದುರಾಗದೆ ಅಂಚಿಗೆ ಒರೆಸಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತಿತ್ತು. ಪಕ್ಕದಲ್ಲಿ ಯಾರಿರುತ್ತಿದ್ದರೋ. ಅದನ್ನು ಹೇಗೆ ಸರಿ ಮಾಡಿದರು ಅಂತ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನಾಯಿ ಕಚ್ಚಿದ ಎರಡು ತಿರುಪುಗಳ ಬದಲು ಹೊಸದು ಮಾಡಿದ್ದರು. ಹಳೆಯವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನನ್ನ ಪಿ.ಯು.ಸಿ. ಪಾಪ ಈಗ ಆ ಪೊಟ್ಟಣದಲ್ಲಿದೆ. ಕೊಬ್ಬರಿ ಎಣ್ಣೆಯ ಅಂಟೆಲ್ಲ ಹೋಗಿ ಟ್ರಿಗರ್ ತುಪ್ಪದಲ್ಲಿ ಜಾರಿದ ಹಾಗೆ ಬರುತ್ತಿತ್ತು. ಬಣ್ಣ ಮುಟ್ಟಿರಲಿಲ್ಲ. ಮಚ್ಚೆಗಳು ಹಾಗೇ ಇದ್ದವು, ತುಕ್ಕು ಮಾತ್ರ ಹೋಗಿತ್ತು.

ಹಿಡಿಗೆ ಒಂದು ದಾರಿ ಹುಡುಕಿದ್ದರು. ನಾನು ಬಲಗೈಯವನು ತಾನೇ, ನನಗೆ ಬೇಕಿರುವುದು ಬಲಗಡೆಯ ತುಂಡು. ಮಂಚದ ಒಂದು ಕಾಲು ಗೆದ್ದಲು ಹಿಡಿದು ಮುರಿದು ಅಟ್ಟದ ಮೇಲಿತ್ತು. ಅದರ ಗಟ್ಟಿ ಭಾಗ ಕೊಯ್ದು ಕಳಿಸಿದ್ದೆ. ಅದರಲ್ಲೇ ನನ್ನ ಅಂಗೈಗೆ ಅಳತೆ ಹಿಡಿದು ಒಂದು ತುಂಡು ಮಾಡಿದ್ದರು. ಒಂದು ತಿರುಪು ಬಿಚ್ಚಿದರೆ ಯಾವುದು ಬೇಕೋ ಅದು. ಕಂಪನಿಯ ವಲ್ಕನೈಟ್ ಬಿಸಿಲಿಗೆ ಇಡಬೇಡಿ, ಕಂದಾಗುತ್ತೆ ಅಂತ ಹೇಳಿ ಅದನ್ನೂ ಬೇರೆ ಸುತ್ತಿ ಕೊಟ್ಟರು. ಈಗ ರಿವಾಲ್ವರಿಗೆ ಎರಡೂ ಕಡೆ ಬೀಟೆ. ಹೊಸದು ಸ್ವಲ್ಪ ಕೆಂಪು, ಹಳೆಯದು ಕಪ್ಪು. ಇನ್ನೂ ಜೊತೆ ತಪ್ಪಿದ ಚಪ್ಪಲಿಯೇ.

ಬಿಲ್ಲು ರಿಜಿಸ್ಟರಿನ ಹಾಗೆ ದುಂಡು ಅಕ್ಷರದಲ್ಲಿ ಮೂರು ಸಾಲು. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಗುರಿಮೊನೆಗೆ ಕೈ ಹಾಕಲಾ ಅಂತ ಅವರು ಕೇಳಿದರು. ಬೇಡ ಅಂದೆ. ಬಲಗೈಯಲ್ಲಿ ಹೊಡೆದರೆ ಎಡಕ್ಕೆ ಬೀಳುತ್ತೆ, ನೆನಪಿರಲಿ ಅಂದರು.

ನವೆಂಬರಿನಲ್ಲಿ ರೈಫಲ್ ಕ್ಲಬ್ಬಿನ ರೇಂಜಿಗೆ ಹೋದೆ. ಹತ್ತು ಮೀಟರ್. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಹೊಸ ತೋಟಾ. ಕಾಗದದ ನಡುವಿಗೆ ಸರಿಯಾಗಿ ಗುರಿ ಹಿಡಿದು ಮೂರು ಹೊಡೆದೆ. ಮೂರೂ ನಾಲ್ಕು ಬೆರಳಗಲ ಎಡಕ್ಕೆ, ಒಂದರ ಪಕ್ಕ ಒಂದು. ಆಮೇಲಿನ ಮೂರಕ್ಕೆ ನಾಲ್ಕು ಬೆರಳಗಲ ಬಲಕ್ಕೆ ಹಿಡಿದೆ.